ಹಲ್ಲಿಲ್ಲದ ನಗು

ಮಧುರೆ ಹಳ್ಳಿಯ ಮುತ್ತಮ್ಮನ ಮೊಮ್ಮಗು ಬೆಳಗಾದರೂ ಏಳಲಿಲ್ಲ. ಚಿವುಟಿದರೂ ಅಳಲಿಲ್ಲ. ಉಸಿರಾಡುತ್ತಿತ್ತು, ಅಷ್ಟೆ. ದೊಡ್ಡಬಳ್ಳಾಪುರದ ಆಸ್ಪತ್ರೆಗೆ ಹೊತ್ತು ತಂದಾಗ ಡಾಕ್ಟರು ಕೇಳಿದ್ದು ಒಂದೇ ಮಾತು.

"ಏನು ಕುಡಿಸಿದ್ರಿ?"

ಮುತ್ತಮ್ಮ ಸೆರಗಿನ ಮರೆಯಿಂದ ಸೀಸೆಯೊಂದನ್ನು ತೆಗೆದು ಕೊಟ್ಟಳು. ಗ್ರೈಪ್ ವಾಟರ್. ಹೆಸರು 'ಕಿಲಕಿಲ'. ಲೇಬಲ್ಲಿನ ಮೇಲೆ ಗುಂಗುರು ಕೂದಲಿನ ಮಗುವೊಂದು ಬಾಯ್ತುಂಬ ನಗುತ್ತಿತ್ತು.

"ಹೊಟ್ಟೆ ಉಬ್ಬರ ಅಂತ ಎರಡು ಚಮಚ ಹಾಕ್ದೆ ಸಾಮಿ. ಸಂತೇಲಿ ತಗೊಂಡಿದ್ದು."

ಸಬ್ ಇನ್ಸ್‌ಪೆಕ್ಟರ್ ಕಾಂತರಾಜು ಸೀಸೆಯನ್ನು ಬೆಂಗಳೂರಿನ ಲ್ಯಾಬಿಗೆ ಕಳಿಸಿದ. ಸಂತೆಯಲ್ಲಿ ಉಳಿದಿದ್ದ ಸೀಸೆಗಳನ್ನು ಜಪ್ತಿ ಮಾಡಿ, ಒಂದನ್ನು ಜೇಬಿಗೆ ಹಾಕಿಕೊಂಡ. ಮಾರಿದ ಮುದುಕನಿಗೆ ಗೊತ್ತಿದ್ದದ್ದು ಇಷ್ಟೇ: ಮೊಪೆಡ್ಡಿನಲ್ಲಿ ಯಾವನೋ ಬಂದು ಕೊಟ್ಟು ಹೋದ, ಮುಖಕ್ಕೆ ಮಫ್ಲರ್ ಸುತ್ತಿದ್ದ. ಲೇಬಲ್ಲಿನ ಮೇಲೆ ವಿಳಾಸವೇನೋ ಇತ್ತು, ಅರಿಶಿನಕುಂಟೆ. ಕಾಂತರಾಜು ಜೀಪು ಹತ್ತಿ ಅರಿಶಿನಕುಂಟೆಯನ್ನು ಜಾಲಾಡಿದ. ಅಂಥ ಕಂಪನಿಯನ್ನು ಕಂಡವರೂ ಇಲ್ಲ, ಕೇಳಿದವರೂ ಇಲ್ಲ. ಹೈವೇ ಪಕ್ಕದ ಹೋಟೆಲಿನವನು ಟೀ ಕೊಟ್ಟು ಸಮಾಧಾನ ಹೇಳಿ ಕಳಿಸಿದ.

* * *

ಸ್ಟೇಷನ್ನಿಗೆ ವಾಪಸಾದಾಗ ಹುಡುಗಿಯೊಬ್ಬಳು ಕಾಯುತ್ತಿದ್ದಳು. ಕೈಯಲ್ಲಿ ರಟ್ಟಿನ ಫೈಲು. ಉಗುರಿನ ಸಂದಿಯಲ್ಲಿ ಬಣ್ಣ.

"ಸಾರ್, ಕಿಲಕಿಲ ಅನ್ನೋ ಕಂಪನಿ ಎಲ್ಲೂ ಇಲ್ಲ."

"ಅದು ನಂಗೂ ಈಗ ಗೊತ್ತಾಯ್ತು. ನಿಂಗೆ ಹೆಂಗಮ್ಮ ಗೊತ್ತು?"

"ನಾನೇ ಹುಟ್ಟಿಸಿದ್ದು ಸಾರ್. ಅದು ನನ್ನ ಹೋಂವರ್ಕು."

ಹುಡುಗಿಯ ಹೆಸರು ರಂಜಿತ. ಅಪ್ಪ ಮಗ್ಗದ ಕೆಲಸಗಾರ. ಅವಳು ಕಮರ್ಷಿಯಲ್ ಆರ್ಟ್ ಕಲಿಯುತ್ತಿದ್ದಳು, ಅದೂ ಅಂಚೆಯಲ್ಲಿ. ತೊಂಬತ್ತಮೂರನೇ ಇಸವಿಯಲ್ಲಿ ಮನೆಯಲ್ಲೇ ಕೂತು ಕಲಿಯಬೇಕೆಂದರೆ ಪೋಸ್ಟ್‌ಮ್ಯಾನನೇ ಗತಿ. ಬೆಂಗಳೂರಿನ ಶಾಲೆಯೊಂದು ತಿಂಗಳಿಗೊಂದು ಪಾಠ ಕಳಿಸುತ್ತಿತ್ತು. ಸೋಪಿನ ಪೊಟ್ಟಣ ಬರಿ, ಬಿಸ್ಕತ್ತಿನ ಡಬ್ಬಿ ಬರಿ, ಹೆಸರು ವಿಳಾಸ ನೀನೇ ಕಲ್ಪಿಸಿಕೋ. ಇವಳು ಬರೆದು ಕಳಿಸಬೇಕು, ಅಲ್ಲಿಯ ಮೇಷ್ಟ್ರು ತಿದ್ದಿ ವಾಪಸು ಕಳಿಸಬೇಕು. ಗ್ರೈಪ್ ವಾಟರಿನ ಲೇಬಲ್ಲು ಅಂಥದ್ದೊಂದು ಪಾಠ. ಬೆಳಗ್ಗೆ ಆಸ್ಪತ್ರೆಯ ಮುಂದೆ ಜನರ ಕೈಯ ಸೀಸೆಯ ಮೇಲೆ ತನ್ನ ಚಿತ್ರ ನೋಡಿದವಳೇ ಫೈಲು ಹಿಡಿದು ಸ್ಟೇಷನ್ನಿಗೆ ಬಂದಿದ್ದಳು.

ಕಾಂತರಾಜು ಅವಳನ್ನು ನಂಬಲಿಲ್ಲ. ಕೇಳುವ ಮೊದಲೇ ನಾನು ಮಾಡಿಲ್ಲ ಎಂದು ಓಡಿ ಬರುವವರನ್ನು ಅವನು ಬಹಳ ನೋಡಿದ್ದ. ಫೈಲಿನಲ್ಲಿದ್ದ ಚಿತ್ರವನ್ನೂ ಸೀಸೆಯನ್ನೂ ಪಕ್ಕಪಕ್ಕ ಇಟ್ಟ. ಚಿತ್ರದ ತುಂಬ ಮೇಷ್ಟ್ರ ತಿಳಿನೀಲಿ ಪೆನ್ಸಿಲ್ಲಿನ ಗೀಚು. ಲೇಬಲ್ಲಿನಲ್ಲಿ ಒಂದೂ ಇಲ್ಲ.

"ಅಂದ್ರೆ ಮೇಷ್ಟ್ರು ತಿದ್ದೋಕೆ ಮುಂಚೆನೇ ಇದು ಪ್ರೆಸ್ಸಿಗೆ ಹೋಗಿದೆ. ಆಗ ಇದು ಯಾರ ಹತ್ರ ಇತ್ತು?"

"ನನ್ನ ಹತ್ರಾನೇ." ಅವಳ ದನಿ ಇಳಿಯಿತು.

"ಈ ಸಣ್ಣಕ್ಷರಕ್ಕೆ ಯಾಕೆ ಸುತ್ತು ಹಾಕಿದಾರೆ?"

ರಂಜಿತ ನಾಚಿಕೊಂಡಳು. "ಔಷಧಿಲಿ ಏನೇನಿದೆ ಅಂತ ಬರಿಯೋ ಜಾಗ ಸಾರ್ ಅದು. ನಂಗೆ ಗೊತ್ತಿರ್ಲಿಲ್ಲ. ಸಾಲು ತುಂಬ್ಲಿ ಅಂತ ಬಸ್ ಸ್ಟ್ಯಾಂಡ್ ಬೋರ್ಡಲ್ಲಿರೋ ಊರುಗಳನ್ನ ಬರ್ದುಬಿಟ್ಟೆ."

ಕಾಂತರಾಜು ಸೀಸೆಯನ್ನು ಬೆಳಕಿಗೆ ಹಿಡಿದ. ಮಧುರೆ, ನೆಲಮಂಗಲ, ದೊಡ್ಡಬೆಳವಂಗಲ, ತೂಬಗೆರೆ. ಅಷ್ಟು ಹೊತ್ತಿನಿಂದ ಜೇಬಿನಲ್ಲಿಟ್ಟುಕೊಂಡು ತಿರುಗಿದ ಮಹಾಶಯ ಅದನ್ನು ಓದಿಯೇ ಇರಲಿಲ್ಲ. ಊರಿನವರೂ ಓದಿರಲಿಲ್ಲ ಬಿಡಿ. ಸೀಸೆಯ ಹಿಂದಿನ ಸಣ್ಣಕ್ಷರವನ್ನು ಯಾರು ಓದುತ್ತಾರೆ?

ಅಷ್ಟರಲ್ಲಿ ಸರ್ಕಲ್ ಇನ್ಸ್‌ಪೆಕ್ಟರ್ ಸಾಹೇಬರ ಫೋನು. ಸುದ್ದಿ ಆಗಲೇ ಅವರ ಕಿವಿಗೆ ಬಿದ್ದಿತ್ತು. "ಇನ್ನೇನ್ರೀ ಬೇಕು? ಚಿತ್ರ ನಂದೇ ಅಂತ ಒಪ್ಕೊಂಡಿದಾಳೆ. ಒಳಗೆ ಹಾಕಿ."

"ನಾಳೆವರೆಗೂ ಟೈಮ್ ಕೊಡಿ ಸಾರ್."

ರಂಜಿತ ಎಲ್ಲ ಕೇಳಿಸಿಕೊಂಡಳು. ಮಗು ಕಣ್ಣು ಬಿಡದಿದ್ದರೆ ಕೊಲೆ ಕೇಸು. ಅಪ್ಪ ತಲೆಯೆತ್ತಿ ಮಗ್ಗದ ಮನೆಗೆ ಹೋಗುವಂತಿಲ್ಲ. ಅವಳು ಫೈಲು ಕಟ್ಟುತ್ತಿದ್ದಾಗ ಟ್ರೇಸಿಂಗ್ ಹಾಳೆಯೊಂದು ಜಾರಿ ಬಿತ್ತು. ಅಂಚೆಗೆ ಹಾಕುವ ಮುಂಚೆ ಅವಳು ತೆಗೆದಿಟ್ಟುಕೊಂಡ ನಕಲು. ಕಾಂತರಾಜು ಅದನ್ನು ಎತ್ತಿಕೊಂಡು ಸೀಸೆಯ ಪಕ್ಕ ಹಿಡಿದ.

"ಇದ್ರಲ್ಲಿ ಮಗೂಗೆ ಎರಡು ಹಲ್ಲಿದೆ. ಸೀಸೆ ಮೇಲಿಲ್ಲ."

"ಮೇಷ್ಟ್ರು ತೆಗೆದ್ರು ಸಾರ್. ಗ್ರೈಪ್ ವಾಟರ್ ಕುಡಿಯೋ ಕೂಸಿಗೆ ಎಲ್ಲಿಂದ ಬಂತು ಹಲ್ಲು ಅಂತ ಬೈದು, ಅಸಲಿ ಚಿತ್ರದ ಮೇಲೇ ಬಿಳಿ ಬಣ್ಣ ಬಳಿದ್ರು."

ಹಾಗಾದರೆ ಲೇಬಲ್ಲು ಅಚ್ಚಾಗಿದ್ದು ಮೇಷ್ಟ್ರು ತಿದ್ದಿದ ಮೇಲೆ. ಮತ್ತೆ ನೀಲಿ ಗೀಚು ಎಲ್ಲಿ ಹೋಯಿತು? ಕಾಂತರಾಜುವಿಗೆ ತಲೆ ಕೆಟ್ಟಂತಾಯಿತು.

* * *

ತಿದ್ದಿದ ಕವರುಗಳು ಬರುತ್ತಿದ್ದದ್ದು ಅವಳ ಮನೆಗಲ್ಲ, ಅವಳ ಭಾವ ಗೋವಿಂದರಾಜುವಿನ ಅಂಗಡಿಗೆ. ಮನೆಯಲ್ಲಿ ಬಾಗಿಲ ಮುಂದೆ ಬಿದ್ದ ಕವರೊಂದು ಮಳೆಯಲ್ಲಿ ನೆನೆದು ಹಾಳಾಗಿತ್ತು. ಆಮೇಲೆ ಈ ಏರ್ಪಾಡು.

ಗೋವಿಂದರಾಜು ಕೌಂಟರಿನಲ್ಲಿ ಪೇಪರು ಹರಡಿಕೊಂಡು ಕೂತಿದ್ದ. ಸುತ್ತಲ ಹಳ್ಳಿಗಳಿಗೆ ಸಾಮಾನು ಸಪ್ಲೈ ಮಾಡುವವನು, ಬಾಯಿ ಜೋರು, ನಗು ಇನ್ನೂ ಜೋರು. ಕಾಂತರಾಜು ಕವರಿನ ವಿಷಯ ಎತ್ತಿದ.

"ಬನ್ನಿ ಸಾರ್! ಕವರ್ ತಾನೆ? ಬಂದಂಗೇ ಕೊಟ್ಟಿದೀನಿ. ನಮ್ಮ ಹುಡುಗಿ ಅಂಥೋಳಲ್ಲ ಸಾರ್. ಆ ಬೆಂಗಳೂರು ಮೇಷ್ಟ್ರನ್ನ ವಿಚಾರ್ಸಿ."

ಕಾಂತರಾಜು ಹೇಳಿಕೆ ಬರೆದು ಹಾಳೆ ಚಾಚಿದ. "ಅಷ್ಟನ್ನೇ ಇದ್ರಲ್ಲಿ ಬರ್ದಿದೀನಿ. ಓದಿ ಸೈನ್ ಹಾಕಿ."

"ಕನ್ನಡಕ ಮನೇಲೇ ಮರ್ತು ಬಂದ್ಬಿಟ್ಟೆ ನೋಡಿ. ನೀವೇ ಓದ್ಬಿಡಿ."

ಕಾಂತರಾಜು ಓದಿದ. ಗೋವಿಂದರಾಜು ಜಬರ್ದಸ್ತಾಗಿ ಸಹಿ ಜಡಿದ. ಅಷ್ಟರಲ್ಲಿ ಹೆಂಗಸೊಬ್ಬಳು ಅಕ್ಕಿಯಲ್ಲಿ ಬರೀ ಕಲ್ಲು ಎಂದು ಜಗಳಕ್ಕೆ ಬಂದಳು. ಗೋವಿಂದರಾಜು ಅವಳ ಚೀಲಕ್ಕೆ ಕೈಹಾಕಿ, ಅಕ್ಕಿಗಿಂತ ಸಣ್ಣದೊಂದು ಬಿಳಿ ಕಲ್ಲನ್ನು ಚಕ್ಕನೆ ಹೆಕ್ಕಿ ತೋರಿಸಿ, "ಇದೊಂದಕ್ಕೆ ಇಷ್ಟು ರಂಪಾನಾ ತಾಯಿ?" ಎಂದು ನಕ್ಕ. ಕಾಂತರಾಜುವೂ ನಗುತ್ತ ಜೀಪು ಹತ್ತಿದ.

* * *

ಬೆಂಗಳೂರಿನ ಶಾಲೆಯಲ್ಲಿ ಸಿಕ್ಕ ಮೇಷ್ಟ್ರ ಹೆಸರು ರವಿಚಂದ್ರ. ಕಾಂತರಾಜುವಿನ ಅನುಮಾನವೆಲ್ಲ ಈಗ ಅವರ ಮೇಲೆ. ತಿದ್ದಿದ ಚಿತ್ರ ಮೊದಲು ಇದ್ದದ್ದು ಅವರ ಮೇಜಿನ ಮೇಲೆ ತಾನೆ? ಆದರೆ ಸೀಸೆ ಕೈಗೆ ಕೊಟ್ಟದ್ದೇ ತಡ, ಅವರು ಸಿಟ್ಟಿನಿಂದ ಕೆಂಪಾದರು.

"ಅಯ್ಯೋ, ಊರ ಹೆಸರು ಹಂಗೇ ಇದ್ಯಲ್ರೀ! ನಾನೇ ಸುತ್ತು ಹಾಕಿ ಕಳ್ಸಿದ್ದೆ."

"ನಿಮ್ಮ ಸುತ್ತು ಇದ್ರಲ್ಲಿ ಕಾಣ್ತಿಲ್ವಲ್ಲ ಸಾರ್."

"ಹೆಂಗೆ ಕಾಣುತ್ತೆ? ತಿಳಿನೀಲಿ ಪ್ರೆಸ್ಸಿನ ಕ್ಯಾಮೆರಾಗೆ ಹಿಡಿಯಲ್ಲ. ಚಿತ್ರ ಕೆಡಬಾರ್ದು ಅಂತಾನೇ ನಾವು ಅದ್ರಲ್ಲಿ ತಿದ್ದೋದು. ಅಚ್ಚು ಹಾಕ್ಸೋನು ನಾನಾಗಿದ್ರೆ, ನಾನೇ ಕಂಡುಹಿಡಿದ ತಪ್ಪನ್ನ ಬಿಡ್ತಿದ್ನಾ?"

ವಾಪಸು ಬರುವ ದಾರಿಯಲ್ಲಿ ಆ ಮಾತು ಕಾಂತರಾಜುವಿನ ತಲೆಯಲ್ಲಿ ಕೊರೆಯಿತು. ಮೇಷ್ಟ್ರಿಗೆ ತಪ್ಪು ಗೊತ್ತು. ಹುಡುಗಿಗೂ ಗೊತ್ತು. ಗೊತ್ತಿದ್ದವರು ಔಷಧಿ ಸೀಸೆಯ ಮೇಲೆ ಬಸ್ ಸ್ಟ್ಯಾಂಡಿನ ಬೋರ್ಡು ಅಂಟಿಸುವುದಿಲ್ಲ. ಇದು ಸುತ್ತು ಹಾಕಿದ ಜಾಗವನ್ನು ಕಣ್ಣಾರೆ ಕಂಡೂ ಏನು ಬರೆದಿದೆ ಎಂದು ತಿಳಿಯದವನ ಕೆಲಸ.

ಸ್ಟೇಷನ್ನಿಗೆ ಬಂದರೆ ಲ್ಯಾಬಿನವರ ಫೋನು ಕಾದಿತ್ತು. ಸೀಸೆಯಲ್ಲಿ ಏನೇನಿದೆ ಎಂದು ಬರೆದುಕೊಂಡು, ಯಾರಿಗೂ ಹೇಳದೆ ಜೇಬಿಗಿಟ್ಟ.

* * *

ಗೋವಿಂದರಾಜುವಿನ ಮನೆ ಅಂಗಡಿಯ ಹಿಂದೆಯೇ. ಕಾಂತರಾಜು, ಜೊತೆಗೆ ರಂಜಿತ, ಹಿತ್ತಿಲ ಬಾಗಿಲಲ್ಲಿ ನಿಂತರು. ರಂಜಿತಳ ಅಕ್ಕ ಶಾಮಲಾ ಹೊರಗೆ ಬಂದಳು.

"ನಿಮ್ಮ ಯಜಮಾನ್ರ ಕನ್ನಡಕ ಕೊಡಿ ತಾಯಿ. ಅಂಗಡಿಗೆ ಬೇಕಂತೆ."

"ಅವರಿಗೆಲ್ಲಿ ಕನ್ನಡಕ ಸಾರ್? ಸೂಜಿಗೆ ದಾರ ಪೋಣಿಸ್ಕೊಡೋದೂ ಅವರೇ!"

ಅಂಗಡಿಯಲ್ಲಿ ಗಿರಾಕಿಗಳು ತುಂಬಿದ್ದರು. ಕಾಂತರಾಜು ಸೀಸೆಯನ್ನು ಕೌಂಟರಿನ ಮೇಲಿಟ್ಟ.

"ಗೋವಿಂದರಾಜು ಅವರೇ, ಇದ್ರಲ್ಲಿ ಏನೇನು ಹಾಕಿದಾರೆ ಅಂತ ಹಿಂದೆ ಬರ್ದಿದೆ. ಸ್ವಲ್ಪ ಜೋರಾಗಿ ಓದಿ. ಜನಕ್ಕೂ ಗೊತ್ತಾಗ್ಲಿ."

"ಕನ್ನಡಕ..."

"ನಿಮಗೆ ಕನ್ನಡಕಾನೇ ಇಲ್ವಂತಲ್ಲ. ಅಕ್ಕಿಲಿ ಕಲ್ಲು ಹೆಕ್ಕೋ ಕಣ್ಣು, ಇದೇನ್ ಮಹಾ?"

ಜನ ನೋಡುತ್ತಿದ್ದರು. ಹೆಂಡತಿ ಬಾಗಿಲಲ್ಲಿದ್ದಳು. ದಿನಾ ಪೇಪರು ಹಿಡಿದು ಕೂರುವ ಮನುಷ್ಯ ಓದಲು ಬಾರದು ಎನ್ನುವುದು ಹೇಗೆ? ಗೋವಿಂದರಾಜು ಸೀಸೆ ಎತ್ತಿ ಹಿಡಿದ. ಕಣ್ಣನ್ನು ಸಾಲಿನ ಮೇಲೆ ಓಡಿಸಿದ. ಒಂದಿಷ್ಟೂ ತಡವರಿಸದೆ ಓದಿದ.

"ಸಬ್ಬಸಿಗೆ ಎಣ್ಣೆ, ಓಮ, ಅತಿಮಧುರ, ಸಕ್ಕರೆ."

ರಂಜಿತ ಬಾಯಿ ತೆರೆದಳು. ಕಾಂತರಾಜು ಸುಮ್ಮನಿರುವಂತೆ ಕೈ ತೋರಿಸಿ, ಜೇಬಿನಿಂದ ಚೀಟಿ ತೆಗೆದ.

"ಲ್ಯಾಬಿನವರೂ ಇದನ್ನೇ ಹೇಳಿದ್ರು. ಸಬ್ಬಸಿಗೆ, ಓಮ, ಅತಿಮಧುರ, ಸಕ್ಕರೆ. ನೀವು ಬಿಟ್ಟಿದ್ದು ಒಂದೇ, ನಿದ್ದೆ ಮಾತ್ರೆ ಪುಡಿ. ಆದ್ರೆ ಸೀಸೆ ಮೇಲೆ ಇದ್ಯಾವುದೂ ಬರ್ದಿಲ್ಲ ಕಣ್ರೀ. ಅಲ್ಲಿರೋದು ಮಧುರೆ, ನೆಲಮಂಗಲ, ದೊಡ್ಡಬೆಳವಂಗಲ!"

ಗೋವಿಂದರಾಜುವಿನ ಮುಖ ಬಿಳಿಚಿತು. ಶಾಮಲಾ ಕೌಂಟರಿನ ಮೇಲಿದ್ದ ಪೇಪರನ್ನೂ ಗಂಡನನ್ನೂ ನೋಡಿದಳು. ಮದುವೆಯಾದಾಗಿನಿಂದ ಗಂಡ ಪೇಪರು ಓದುತ್ತಾನೆಂದೇ ಅವಳು ನಂಬಿದ್ದಳು.

"ಕಂಪನಿ ಇಲ್ಲದ ಲೇಬಲ್ಲು," ಕಾಂತರಾಜು ಬಿಡಿಸಿ ಹೇಳಿದ. "ಯಾರ ಮೇಲೂ ಬರಲ್ಲ ಅಂದ್ಕೊಂಡ್ರಿ. ಕವರ್ ಬಿಚ್ಚಿ, ಸಿಟಿ ಪ್ರೆಸ್ಸಲ್ಲಿ ಅಚ್ಚಿಗೆ ಫಿಲ್ಮ್ ತೆಗೆಸಿ, ಮತ್ತೆ ಅಂಟಿಸಿ ಕೊಟ್ರಿ. ಮೇಷ್ಟ್ರು ಅಳಿಸಿದ ಹಲ್ಲು ಲೇಬಲ್ಲಲ್ಲೂ ಇಲ್ಲ, ಹಂಗಾಗಿ ತಿದ್ದಿ ಬಂದ ಮೇಲೇ ಕದ್ದಿದ್ದು. ಓದೋಕೆ ಬರ್ತಿದ್ರೆ ಆ ಊರುಗಳನ್ನ ಬಿಡ್ತಿರ್ಲಿಲ್ಲ. ಓದೋಕೂ ಬರ್ದೆ, ಒಳಗಿರೋದೂ ಗೊತ್ತಿರೋನು ಅಂದ್ರೆ ಈ ಔಷಧಿ ಕಾಯಿಸಿದೋನೊಬ್ಬನೇ. ಮಾತ್ರೆ ಯಾಕೆ ಹಾಕಿದ್ರಿ?"

"ಮಗು ತೆಪ್ಪಗೆ ಮಲಗಿದ್ರೆ ಔಷಧಿ ಹಿಡೀತು ಅಂತಾರೆ ಸಾರ್. ಚಿಟಿಕೆ ಅಷ್ಟೇ ಹಾಕ್ತಿದ್ದೆ. ಆವತ್ತು ಕೈ ತಪ್ಪಿರ್ಬೇಕು."

ಹಿಂದಿನ ಕೋಣೆಯಲ್ಲಿ ಸೀಸೆಗಳು ಸಾಲಾಗಿ ನಿಂತಿದ್ದವು. ಎಲ್ಲದರ ಮೇಲೂ ಅದೇ ನಗು. ಆಸ್ಪತ್ರೆಯಿಂದ ಬಂದ ಕಾನ್‌ಸ್ಟೇಬಲ್ ಮಧುರೆಯ ಮಗು ಕಣ್ಣು ಬಿಟ್ಟಿತೆಂದ. ರಂಜಿತ ಜೀವ ಬಂದವಳಂತೆ ಉಸಿರು ಬಿಟ್ಟಳು. ಆಮೇಲೆ ಭಾವನ ಎದುರು ಹೋಗಿ ನಿಂತಳು.

"ನನ್ನ ಚಿತ್ರಾನೇ ಯಾಕೆ ಬೇಕಿತ್ತು ಭಾವ?"

ಕೋಳ ಬಿದ್ದ ಕೈಗಳನ್ನು ನೋಡುತ್ತ ಗೋವಿಂದರಾಜು ಹೇಳಿದ. ಸುಳ್ಳು ಹೇಳುವ ಶಕ್ತಿ ಅವನಲ್ಲಿ ಉಳಿದಿರಲಿಲ್ಲ.

"ಬೇರೆ ಲೇಬಲ್ ಹಾಕಿ ಕೊಟ್ಟಾಗ ಯಾರೂ ಮುಟ್ಲಿಲ್ಲ ಕಣಮ್ಮ. ನಿನ್ನ ಮಗು ಹಾಕ್ದೆ ನೋಡು, ತಾಯಂದಿರು ಎಲ್ರೂ ಕೇಳಿ ಕೇಳಿ ತಗೊಂಡ್ರು."

ಮೇಷ್ಟ್ರು ಇದುವರೆಗೆ ಅವಳ ಒಂದು ಚಿತ್ರವನ್ನೂ ಹೊಗಳಿರಲಿಲ್ಲ. ಕಲಿತ ಕೆಲಸಕ್ಕೆ ಸಿಕ್ಕ ಮೊದಲ ಹೊಗಳಿಕೆ ಇದು. ರಂಜಿತ ಅಲ್ಲೇ ಅಕ್ಕಿ ಮೂಟೆಯ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು.