ಬೆನ್ನು ತಿರುಗಿಸಿದ ನಾಗರ

ಬಹಳ ಹಿಂದೆ ಮಣಿಹುತ್ತ ಎಂಬ ರಾಜ್ಯವಿತ್ತು. ಅಲ್ಲಿನ ಹುತ್ತ ಅರಮನೆಗಿಂತ ಎತ್ತರ. ರಾಜನೇ ಆದರೂ ನಾಗಪ್ಪನಿಗೆ ಕೈಮುಗಿಯದೆ ತುತ್ತು ಮುಟ್ಟುವಂತಿರಲಿಲ್ಲ. ಉಗ್ರಜಟ ಎಂಬ ಮಾಂತ್ರಿಕನಿಗೆ ಮಾತ್ರ ಹುತ್ತದೊಳಗಿನ ನಾಗಮಣಿಯ ಮೇಲೆ ಕಣ್ಣು. ಅವನು ಹಾರೆ ಹಿಡಿದು ಬಂದಾಗ ರಾಜಕುಮಾರ ಸಿಂಗರಸ ಅಡ್ಡ ನಿಂತ.

“ಹಾವಿನ ಮೇಲೆ ಅಷ್ಟು ಪ್ರೀತಿಯೇ? ಹಾವಾಗಿಯೇ ಇರು” ಎಂದು ಮಾಂತ್ರಿಕ ಬೂದಿ ಎರಚಿದ. ಸಿಂಗರಸ ನಾಗರಹಾವಾದ. ಮಾಂತ್ರಿಕ ಅವನನ್ನು ತನ್ನ ಗವಿಯ ನೂರಾರು ಹಾವುಗಳ ನಡುವೆ ಬಿಟ್ಟ.

ತಂಗಿ ಪದುಮಲೆ ಅಳುತ್ತ ಕೂರುವವಳಲ್ಲ. ನಾಗರಪಂಚಮಿಯ ಬೆಳಿಗ್ಗೆ ಹಾಲಿನ ಗಿಂಡಿ, ಎಳ್ಳಿನ ಚಿಗಳಿ ಹಿಡಿದು ನೇರ ಗವಿಗೇ ಹೋದಳು.

“ಅಣ್ಣ ಯಾರೆಂದು ಗುರುತಿಸು, ಕರೆದುಕೊಂಡು ಹೋಗು” ಎಂದು ಮಾಂತ್ರಿಕ ನಕ್ಕ. “ಮೂರು ಸಲ ಸೋತರೆ ನೀನು ಕಲ್ಲು.”

“ಅಣ್ಣಾ” ಎಂದು ಕೂಗಿದಳು. ಹಾವುಗಳೆಲ್ಲ ತಲೆದೂಗಿದವು. ಅವಳ ಕಾಲು ಮೊಣಕಾಲಿನವರೆಗೆ ಕಲ್ಲಾಯಿತು.

ಚಿಗಳಿ ಚಾಚಿದಳು, ಅಣ್ಣನಿಗೆ ಚಿಗಳಿಯೆಂದರೆ ಪ್ರಾಣ. ಹಾವುಗಳೆಲ್ಲ ಹರಿದು ಬಂದವು. ಸೊಂಟದವರೆಗೆ ಕಲ್ಲಾಯಿತು.

ಮಾಂತ್ರಿಕ ಮೀಸೆ ತಿರುವಿದ. ಪದುಮಲೆಗೆ ಈಗ ನಿಜಕ್ಕೂ ಭಯವಾಯಿತು. ಗಿಂಡಿಯನ್ನು ಎದೆಗೆ ಅವುಚಿಕೊಂಡಾಗ ಹಾಲು ತುಳುಕಿತು. ಆಗ ಹೊಳೆಯಿತು. ಪಂಚಮಿಯ ದಿನ ಹುತ್ತಕ್ಕೆ ಹಾಲೆರೆದ ಮೇಲೆ ತಂಗಿಯರು ಅದೇ ಹಾಲಿನಲ್ಲಿ ಹೂವದ್ದಿ ಅಣ್ಣನ ಬೆನ್ನಿಗೆ ಸವರುತ್ತಾರೆ. ಚಿಗಳಿ ಯಾರು ಕೊಟ್ಟರೂ ತಿನ್ನಬಹುದು, ಈ ಹಾಲಿಗೆ ಬೆನ್ನೊಡ್ಡುವುದು ಒಡಹುಟ್ಟಿದವಳಿಗೆ ಮಾತ್ರ. ಅಕ್ಕತಂಗಿಯರಿಲ್ಲದ ಮಾಂತ್ರಿಕನಿಗೆ ಇದೆಲ್ಲಿ ಗೊತ್ತು?

ಅವಳು ಮುಡಿಯ ಹೂ ತೆಗೆದು ಹಾಲಿನಲ್ಲಿ ಅದ್ದಿ ಹಿಡಿದಳು. ನೂರಾರು ಹೆಡೆಗಳು ಅವಳನ್ನೇ ನೋಡುತ್ತಿದ್ದವು. ಒಂದೇ ಒಂದು ಹಾವು ಮೆಲ್ಲಗೆ ಬೆನ್ನು ತಿರುಗಿಸಿ ಕುಳಿತಿತು.

“ಬೆನ್ನು ತಣ್ಣಗಿರಲಿ, ಅಣ್ಣ” ಎಂದು ಹೂ ಸವರಿದಳು. ಸಿಂಗರಸ ಎದ್ದು ನಿಂತ. ಅವಳ ಕಾಲಿಗೆ ಜೀವ ಬಂತು.

“ತಂಗೀ, ಇವರೂ ನನ್ನಂತೆ ಮನುಷ್ಯರೇ” ಎಂದ ಅವನು.

ಪದುಮಲೆ ಸೆರಗು ಬಿಗಿದು ಕಟ್ಟಿದಳು. “ಹಾಗಾದರೆ ನೀವೂ ನನ್ನ ಅಣ್ಣಂದಿರೇ. ತಿರುಗಿ ಕೂತುಕೊಳ್ಳಿ.”

ಹಾವುಗಳೆಲ್ಲ ತಿರುಗಿದವು. ಹೂ ಸೋಕಿದಲ್ಲೆಲ್ಲ ಒಬ್ಬೊಬ್ಬ ತರುಣ ಎದ್ದ. ಮಾಂತ್ರಿಕನೂ ಬೆನ್ನು ತೋರಿಸಿದ, ಓಡುವುದಕ್ಕೆ. ತರುಣರನ್ನು ಬಿಟ್ಟು, ಇರಲು ಬೇರೆ ಮೈಯಿಲ್ಲದ ಮಾಟ ಅವನನ್ನೇ ಹಿಡಿಯಿತು. ಅವನು ಕೇರೆಹಾವಾಗಿ, ಅರಮನೆಯ ಕಣಜದಲ್ಲಿ ಇಲಿ ಹಿಡಿದುಕೊಂಡು ಬದುಕಿದ.

ಸತ್ತನೆಂದು ಅತ್ತು ಸುಮ್ಮನಾಗಿದ್ದ ಮನೆಗಳಿಗೆಲ್ಲ ಆ ಸಂಜೆ ಮಗ ಬಂದ. ಬಾಗಿಲು ತೆರೆದ ತಂಗಿಯರು ಅಣ್ಣಂದಿರನ್ನು ಒಳಗೆ ಬಿಡದೆ, ಹೊಸ್ತಿಲಲ್ಲೇ ತಬ್ಬಿಕೊಂಡು ನಿಂತರು. ಅವರೆಲ್ಲ ಸುಖವಾಗಿದ್ದರು, ಕತೆ ಕೇಳಿದವರೂ ಸುಖವಾಗಿರಲಿ.