ನಡುವೆ ಆರು ಗಂಟೆಯ ಆಕಾಶ

"ಅವನಿಲ್ಲಮ್ಮ. ಬೆಳಗಾಗೋ ಮುಂಚೆನೇ ಹೊರಟೋದ."

ಮನೆಯೊಡತಿ ಅಜ್ಜಿ ಅರ್ಧ ಬಾಗಿಲು ತೆರೆದು, ಎದುರಿಗೆ ನಿಂತವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಎಲ್ಲಿಗೆ?"

"ಹೆಂಡ್ತಿ ಹತ್ರ, ವಿಮಾನದಲ್ಲಿ. ಅದ್ಸರಿ, ನೀನ್ಯಾರು?"



"ನಾನೇ... ಆ ಹೆಂಡ್ತಿ!"

ಅಜ್ಜಿ ಹಣೆ ಚಚ್ಚಿಕೊಂಡಳು. "ಅಯ್ಯೋ, ಇದೊಳ್ಳೆ ಕಥೆ ಆಯ್ತಲ್ಲ!"

ಎರಡೂ ಊರುಗಳ ನಡುವೆ ನಾಲ್ಕು ಸಾವಿರ ಕಿಲೋಮೀಟರು. ವಿಮಾನದಲ್ಲಿ ಆರು ಗಂಟೆ. ಆ ಆರು ಗಂಟೆಯೊಳಗೆ, ಮೋಡಗಳ ಮೇಲೆಲ್ಲೋ, ಗಂಡ ಹೆಂಡತಿ ಒಬ್ಬರಿಗೊಬ್ಬರು ಗೊತ್ತಿಲ್ಲದೆ ಎದುರುಬದುರಾಗಿ ಹಾದುಹೋಗಿದ್ದರು.

ಅವಳು ಬಂದದ್ದಾದರೂ ಯಾಕೆ? ಮುಖ ನೋಡಿಯೇ 'ಸಾಕು, ಬೇರೆಯಾಗೋಣ' ಎನ್ನಲು!

ಲಿಫ್ಟ್ ರಿಪೇರಿಯ ಕೆಲಸ ಸಿಕ್ಕಿ ಅವನು ಈ ಊರಿಗೆ ಬಂದು ಎರಡು ವರ್ಷವಾಗಿತ್ತು. ಫೋನಿನಲ್ಲಿ ಯಾವಾಗ ಕೇಳಿದರೂ ಒಂದೇ ಮಾತು: "ನಾನಿಲ್ಲಿ ಆರಾಮಾಗಿದೀನಿ." ಅಪ್ಪಿತಪ್ಪಿಯೂ 'ನೀನೂ ಬಾ' ಎಂದವನಲ್ಲ. ಅಲ್ಲಿ ದಿನಾ ರಾತ್ರಿ ಅವಳು ತನ್ನ ಕನ್ನಡಕದಂಗಡಿ ಮುಚ್ಚಿ ಮನೆಗೆ ಹೋದರೆ ಜೊತೆಗೆ ಮಾತಿಗಿದ್ದದ್ದು ಗೋಡೆಗಳು ಮಾತ್ರ.

'ಅಷ್ಟು ಆರಾಮಾಗಿರೋನಿಗೆ ನಾನ್ಯಾಕೆ ಬೇಕು?'

ಅಜ್ಜಿ ರೂಮಿನ ಬೀಗ ತೆಗೆದಳು.

ಒಂದು ತಟ್ಟೆ. ಒಂದು ಲೋಟ. ಕಿಟಕಿಗೆ ಮುಖ ಮಾಡಿದ ಒಂದೇ ಕುರ್ಚಿ. ಬೀರುವಿನ ಅರ್ಧದಲ್ಲಿ ಅವನ ಅಂಗಿಗಳನ್ನೆಲ್ಲ ಒತ್ತಿ ತುರುಕಿತ್ತು. ಇನ್ನರ್ಧ ಪೂರ್ತಿ ಖಾಲಿ.

"ಇದ್ಯಾಕೆ ಹೀಗೆ ಬಿಟ್ಟಿದಾನೆ?"

"ಅದು ನಿಂದಂತೆ. 'ಅವಳು ಬಂದ್ರೆ ಬೇಕಾಗುತ್ತೆ ಅಜ್ಜಿ' ಅಂತಾನೆ. ಕರೆದಿದೀಯೇನೋ ಅಂದ್ರೆ ಬಾಯಿಗೆ ಬೀಗ."

ಅವಳು ಮಂಚದ ಅಂಚಿಗೆ ಕುಸಿದು ಕೂತಳು. ದಾರಿಯುದ್ದಕ್ಕೂ ಗಟ್ಟಿಮಾಡಿಕೊಂಡು ಬಂದಿದ್ದ ಮನಸ್ಸು ಕರಗಿ, ಬಿಕ್ಕಿ ಬಿಕ್ಕಿ ಅತ್ತಳು. ಅಜ್ಜಿ ಸದ್ದಿಲ್ಲದೆ ಬಾಗಿಲು ಮುಂದೆ ಮಾಡಿಕೊಂಡು ಹೋದಳು.

ಎಷ್ಟೋ ಹೊತ್ತಿನ ಮೇಲೆ ಫೋನ್ ರಿಂಗಾಯಿತು.

"ಎಲ್ಲಿದೀಯ ನೀನು? ಬೀಗ ತೆಗೆದು ಒಳಗೆ ಬಂದ್ರೆ ಸೋಫಾ ಮೇಲೆ ದಿಂಬು, ಹೊದಿಕೆ... ಮಂಚದ ಮೇಲೆ ಮಲಗೋದೇ ಇಲ್ವಾ?"

"ಒಬ್ಬಳಿಗೆ ಅದು ತುಂಬಾ ದೊಡ್ಡದು ಕಣೋ."

ಅವಳು ಬೀರುವಿನ ಖಾಲಿ ಅರ್ಧದತ್ತ ನೋಡಿದಳು.

"ನಾನು ನಿನ್ನ ರೂಮಲ್ಲಿದೀನಿ. ನಿನ್ನ 'ಆರಾಮ' ನೋಡ್ತಾ ಕೂತಿದೀನಿ."

"ಏನು?! ಅಲ್ಲೇ ಇರು! ಸಿಕ್ಕಿದ ವಿಮಾನ ಹತ್ತಿ ಬರ್ತೀನಿ. ನೀನು ಮಾತ್ರ ಹೊರಡಬೇಡ ಮಾರಾಯ್ತಿ, ಮತ್ತೆ ಇಬ್ರೂ ಹೊರಟ್ರೆ ನಮ್ಮ ಸಂಸಾರ ಆಕಾಶದಲ್ಲೇ!"

ಅಳುವಿನ ನಡುವೆಯೇ ಅವಳಿಗೆ ನಗು ಬಂತು. ಆದರೂ ಕೇಳದೆ ಇರಲಾಗಲಿಲ್ಲ.

"ಯಾಕೋ ಒಂದು ಸಲನೂ ನನ್ನ ಕರೀಲಿಲ್ಲ?"

"ಕಷ್ಟಪಟ್ಟು ಕಟ್ಟಿದ ಅಂಗಡಿ ಬಿಟ್ಟು ಬಾ ಅಂತ ಯಾವ ಬಾಯಲ್ಲಿ ಕೇಳಲಿ?"

"ಇದೇ ಬಾಯಲ್ಲಿ ಕೇಳು."



"ನೀನಿಲ್ದೆ ಆಗ್ತಿಲ್ಲ ಕಣೇ... ಬಂದ್ಬಿಡು."

"ಬಂದಾಯ್ತಲ್ಲೋ, ಪೆದ್ದ."