ಇಸವಿ ಮೇಡಂ ಗುರುತು ಹಿಡಿದದ್ದು

ಹೆಸರು ಬರೆಸುವ ಮೇಜಿನ ಹತ್ತಿರ ಅವನ ಬೆನ್ನು ಕಂಡಾಗಲೇ ಅವಳಿಗೆ ಗೊತ್ತಾಗಿಹೋಯಿತು. ಕೂದಲು ಅರ್ಧ ಬೆಳ್ಳಗಾಗಿತ್ತು, ಹೆಗಲು ತುಸು ಇಳಿದಿತ್ತು. ಆದರೆ ಒಂದೇ ಕಾಲಿನ ಮೇಲೆ ಭಾರ ಹಾಕಿ, ಯಾರೋ ಫೋಟೋ ತೆಗೆಯುತ್ತಿದ್ದಾರೆ ಎಂಬಂತೆ ನಿಲ್ಲುವ ಆ ಶೋಕಿ ಮಾತ್ರ ಹಾಗೇ ಇತ್ತು.

ಅವನು ತಿರುಗಿದ. "ಅರೆ, ಇಸವಿ ಮೇಡಂ!"

ಯಾರು ಏನೇ ಹೇಳಲಿ, "ಅದು ಯಾವ ಇಸವಿ?" ಎಂದು ಹುಬ್ಬೇರಿಸುತ್ತಿದ್ದ ಇತಿಹಾಸದ ಅಧ್ಯಾಪಕಿಗೆ ಸ್ಟಾಫ್ ರೂಮಿನಲ್ಲಿ ಆ ಹೆಸರು ಇಟ್ಟವನು ಅವನೇ. ಅವನು ಪಾಠ ಮಾಡುತ್ತಿದ್ದದ್ದು ತತ್ವಶಾಸ್ತ್ರ.

"ಇನ್ನೂ ಮರ್ತಿಲ್ವಾ ಮೇಷ್ಟ್ರೇ?"

"ಮರೆಯೋಕೆ ಟೈಮ್ ಸಿಕ್ಕಿಲ್ಲ."

ಇಬ್ಬರೂ ನಕ್ಕರು. ಆಮೇಲೆ ಮೇಜಿನ ಮೇಲಿದ್ದ ಪೆನ್ನು ಚೆನ್ನಾಗಿ ಬರೆಯುತ್ತದೆಯೇ ಇಲ್ಲವೇ ಎಂಬ ವಿಷಯ ಎತ್ತಿಕೊಂಡರು. ಇಪ್ಪತ್ತು ವರ್ಷಕ್ಕೂ ಮೇಲಾಗಿತ್ತು ಒಬ್ಬರನ್ನೊಬ್ಬರು ನೋಡಿ.

ಕಮ್ಯುನಿಟಿ ಕಾಲೇಜುಗಳಲ್ಲಿ ಇತಿಹಾಸ, ಸಾಹಿತ್ಯ, ಸಮಾಜಶಾಸ್ತ್ರ ಇತ್ಯಾದಿ ಕಲಿಸುವವರಿಗಾಗಿ ಮೂರು ದಿನದ ಕಮ್ಮಟ ಅದು. ವಿಷಯ, ಸಾಂಸ್ಕೃತಿಕ ಐಕಾನ್‌ಗಳು. ಒಬ್ಬ ನಟಿಯ ಮುಖ ಕ್ಯಾಲೆಂಡರ್‌ಗೆ ಹೇಗೆ ಬಂತು, ಒಬ್ಬ ಆಟಗಾರನ ಹೇರ್ ಕಟ್ ಇಡೀ ಊರಿನ ತಲೆ ಏರಿದ್ದು ಹೇಗೆ ಎಂದೆಲ್ಲ ಚರ್ಚೆ. ಅಧ್ಯಾಪಕರು ವಿದ್ಯಾರ್ಥಿಗಳಾದರೆ ವಿದ್ಯಾರ್ಥಿಗಳಿಗಿಂತ ಕಡೆ. ಹಿಂದಿನ ಸಾಲಿಗೆ ನೂಕುನುಗ್ಗಲು, ಮೇಜಿನ ಕೆಳಗೆ ಬಿಸ್ಕತ್ತು, ಪ್ರೊಜೆಕ್ಟರ್‌ನ ಕತ್ತಲಲ್ಲಿ ಗೊರಕೆ. ಮೊದಲ ಎರಡು ದಿನವೂ ಅವನು ಬಾಗಿಲ ಪಕ್ಕ, ಅವಳು ಕಿಟಕಿ ಪಕ್ಕ. ಅವಳು ತಿರುಗಿದಾಗ ಅವನು ಪರದೆ ನೋಡುತ್ತಿದ್ದ, ಅವನು ತಿರುಗಿದಾಗ ಅವಳಿಗೆ ಬ್ಯಾಗಿನಲ್ಲಿ ಏನೋ ಹುಡುಕುವುದಿರುತ್ತಿತ್ತು.

ಕೊನೆಯ ದಿನ ಬೆಳಿಗ್ಗೆ, ಪಕ್ಕದಲ್ಲಿ ಕೂತಿದ್ದ ಸಮಾಜಶಾಸ್ತ್ರದ ಗೆಳತಿ ಪಿಸುಗುಟ್ಟಿದಳು. "ನಿಮ್ಮ ತತ್ವ ಮೇಷ್ಟ್ರು ಮುಂಚೆನೇ ರಿಟೈರ್‌ಮೆಂಟ್ ತಗೊಂಡ್ರಂತೆ. ಅಕ್ಕನ ಮನೆ ಹತ್ರ ಹೋಗಿ ಇರ್ತಾರಂತೆ, ಎಲ್ಲೋ ದೂರ. ಇವತ್ತು ಸಂಜೆನೇ ಬಸ್ಸು. ಒಂಟಿ ಜೀವ ಅಲ್ವಾ, ತಡೆಯೋರು ಯಾರು?"

"'ನಿಮ್ಮ' ಅಂದ್ರೆ?"

"ಬಾಯಿ ತಪ್ಪಿ ಬಂತು ಬಿಡಿ," ಎಂದಳು ಗೆಳತಿ. ಅವಳ ಬಾಯಿ ಎಂದೂ ತಪ್ಪುವಂಥದ್ದಲ್ಲ.

ಆಗಲೂ ಹೀಗೇ ಹೋಗಿದ್ದ, ಹೇಳದೆ ಕೇಳದೆ.

ಆಗ ಅವರಿಬ್ಬರದೂ ಸಂಜೆ ಕಾಲೇಜು, ಒಂದೇ ಉದ್ದದ ಮೇಜು, ಒಂದೇ ಫ್ಲಾಸ್ಕಿನ ಟೀ. ಅವನು ಬದುಕಿನ ಅರ್ಥ ಬಿಡಿಸುತ್ತಿದ್ದರೆ ಅವಳು ಇಸವಿ ಕೇಳಿ ಗಾಳಿ ತೆಗೆಯುತ್ತಿದ್ದಳು. ಆ ದಿನಗಳ ಸಂಜೆಗೆ ಚಾಕ್ ಪುಡಿಯದೂ ಏಲಕ್ಕಿಯದೂ ಸೇರಿದ ಒಂದು ವಾಸನೆಯಿತ್ತು. ಅದು ಪ್ರೀತಿ ಎಂದು ಅವಳು ತನಗೆ ತಾನೇ ಹೇಳಿಕೊಳ್ಳುವಷ್ಟರಲ್ಲಿ ಕಾಲೇಜ್ ಡೇ ಬಂತು. ಅವನು ವೇದಿಕೆ ಹತ್ತಿ ಅವಳ ಮಿಮಿಕ್ರಿ ಮಾಡಿದ. ಕನ್ನಡಕವನ್ನು ತಲೆಯ ಮೇಲಿಟ್ಟುಕೊಂಡು ಊರೆಲ್ಲ ಹುಡುಕುವುದು, ಚಾಕಿಗೆ ಕಾಗದ ಸುತ್ತುವುದು, ಹುಬ್ಬು. ಸಭಾಂಗಣ ಬಿದ್ದು ಬಿದ್ದು ನಕ್ಕಿತು. ಅವಳ ಕಣ್ಣು ತುಂಬಿ ಬಂತು.

ಮರುದಿನವೇ ಅವಳು ತನ್ನ ಕುರ್ಚಿಯನ್ನು ಭೂಪಟಗಳ ಕೋಣೆಗೆ ಸಾಗಿಸಿದಳು. ಅದರ ಬಾಗಿಲಿಗೆ ಮಸುಕು ಗಾಜು. ಬಿಡುವಿನ ವೇಳೆಯಲ್ಲಿ ಆ ಗಾಜಿನ ಮೇಲೆ ಅವನ ನೆರಳು ಬಂದು ನಿಲ್ಲುತ್ತಿತ್ತು. ಕೈ ಎತ್ತುತ್ತಿತ್ತು, ಇಳಿಸುತ್ತಿತ್ತು, ಹೋಗುತ್ತಿತ್ತು. ತಟ್ಟಲಿ, ತೆಗೆಯುತ್ತೇನೆ ಎಂದು ಇವಳು ಒಳಗೆ ಬಿಗುಮಾನದಿಂದ ಕೂತಿದ್ದಳು. ಅವನು ತಟ್ಟಲೇ ಇಲ್ಲ. ಹೊಸ ಟರ್ಮ್ ಶುರುವಾದಾಗ ಅವನಿಗೆ ವರ್ಗವಾಗಿತ್ತು. ಆಮೇಲೆ ಅಮ್ಮನ ಕಾಯಿಲೆ, ಉತ್ತರಪತ್ರಿಕೆಗಳ ಕಟ್ಟುಗಳು, ನೋಡಿಹೋದ ಒಂದೆರಡು ಗಂಡುಗಳು. ಯಾರೂ ಮನಸ್ಸಿಗೆ ಬರಲಿಲ್ಲ. ಈಗ ಅಮ್ಮನೂ ಇರಲಿಲ್ಲ.

"ಕೊನೇ ಆಟ," ಎಂದರು ಕಮ್ಮಟ ನಡೆಸುತ್ತಿದ್ದ ನಿವೃತ್ತ ಪ್ರಿನ್ಸಿಪಾಲರು. "ಮಾತಾಡೋ ಹಾಗಿಲ್ಲ. ಒಬ್ಬ ಐಕಾನ್‌ನ ಬರೀ ಹಾವಭಾವದಲ್ಲಿ ತೋರಿಸಬೇಕು. ಬೇರೆಯವರು ಗುರುತು ಹಿಡೀಬೇಕು. ಯಾರಿಗೂ ಸಿಗದಿದ್ರೆ ಅವರು ಐಕಾನ್ ಅಲ್ಲ."

ಟೋಪಿ ಓರೆ ಮಾಡಿದವರು, ಬ್ಯಾಟು ಬೀಸಿದವರು, ಸೊಂಟ ಉಳುಕಿಸಿಕೊಂಡವರು ಎಲ್ಲ ಆದ ಮೇಲೆ ಅವನು ಎದ್ದ.

ಮೊದಲು ಕನ್ನಡಕವನ್ನು ತಲೆಗೇರಿಸಿದ. ಚಾಕಿಗೆ ಕಾಗದ ಸುತ್ತಿದ. ಅವಳ ಕಿವಿ ಬಿಸಿಯಾಯಿತು. ಆದರೆ ಈ ಸಲ ಅವನು ನಗಿಸುವ ಗೋಜಿಗೇ ಹೋಗಲಿಲ್ಲ. ನಿಧಾನವಾಗಿ ಬೋರ್ಡು ಒರೆಸಿದ. ಕಿಟಕಿಯ ಬಳಿ ಹೋಗಿ, ಕೆಳಗೆ ಯಾರೋ ಗೇಟು ದಾಟುವುದನ್ನು ನೋಡುತ್ತ ನಿಂತ. ಬಹಳ ಹೊತ್ತು ನಿಂತ. ಕೊನೆಯವರು ದಾಟಿದರು ಎಂಬಂತೆ ತಲೆಯಾಡಿಸಿ, ಆಮೇಲೆ ಲೈಟ್ ಆರಿಸಿದ.

ರಾತ್ರಿ ಮನೆಗೆ ಹೋಗುವ ವಿದ್ಯಾರ್ಥಿಗಳೆಲ್ಲ ಗೇಟು ದಾಟುವವರೆಗೂ ಅವಳು ಲೈಟ್ ಆರಿಸುತ್ತಿರಲಿಲ್ಲ ನಿಜ. ಆದರೆ ಆಗ ಅಲ್ಲಿ ಯಾರೂ ಇರುತ್ತಿರಲಿಲ್ಲ. ಇದನ್ನು ನೋಡಬೇಕಾದರೆ ಮನೆಗೆ ಹೋಗದೆ, ಕಾರಿಡಾರಿನ ಕತ್ತಲಲ್ಲಿ ದಿನಾ ಒಬ್ಬ ಕಾದು ನಿಂತಿರಬೇಕಿತ್ತು.

"ಹಳೇ ಸಿನಿಮಾ ನಟಿ!"

"ವಿಜ್ಞಾನಿ!"

"ನಮ್ಮತ್ತೆ!"

ನಗು. ಅವಳು ಬಾಯಿ ಬಿಡಲಿಲ್ಲ. ಬಿಟ್ಟರೆ ಅಳು ಬರುವ ಹಾಗಿತ್ತು.

"ಸೋತ್ರಿ ಮೇಷ್ಟ್ರೇ," ಎಂದರು ಪ್ರಿನ್ಸಿಪಾಲರು. "ಇವರು ಐಕಾನ್ ಅಲ್ಲ."

"ಊರೆಲ್ಲ ಗುರುತಿಸಬೇಕು ಅಂತಿರಲಿಲ್ಲ ಸರ್. ಒಬ್ಬರು ಗುರುತಿಸಿದ್ರೆ ಸಾಕಿತ್ತು." ಅವಳ ಕಡೆ ನೋಡದೆ ಅವನು ಹೋಗಿ ಕೂತ, ಬ್ಯಾಗಿನ ಜಿಪ್ ಎಳೆದುಕೊಂಡ.

ಜಿಪ್ಪಿನ ಸದ್ದಿಗೆ ಅವಳು ಎದ್ದುಬಿಟ್ಟಳು.

"ಮೇಡಂ, ನಿಮ್ಮ ಸರದಿ ಇನ್ನೂ..."

"ಇರಲಿ ಸರ್."

ಎಲ್ಲರ ಮುಂದೆ ಹೋಗಿ ನಿಂತಳು. ಕೂದಲು ಸರಿಮಾಡಿಕೊಂಡಳು, ಇಲ್ಲದ ಕಾಲರ್ ಎಳೆದುಕೊಂಡಳು. ಒಂದೇ ಕಾಲಿನ ಮೇಲೆ ಭಾರ ಹಾಕಿ, ಇಲ್ಲದ ಬಾಗಿಲಿನ ಎದುರು ನಿಂತಳು. ತಟ್ಟಲು ಕೈ ಎತ್ತಿದಳು. ಕೈ ಹಾಗೇ ಗಾಳಿಯಲ್ಲಿ ನಿಂತಿತು, ಇಳಿಯಿತು. ನಾಲ್ಕು ಹೆಜ್ಜೆ ಹೋಗಿ ಮತ್ತೆ ಬಂದಳು. ಮತ್ತೆ ಎತ್ತಿದಳು, ಮತ್ತೆ ಇಳಿಸಿದಳು.

"ಹೊಸ ಅಳಿಯ!"

"ಇಂಟರ್‌ವ್ಯೂಗೆ ಬಂದವನು!"

ಗೆಳತಿ ಮಾತ್ರ ತಿರುಗಿ ಅವನ ಕಡೆ ನೋಡಿದಳು.

"ಅದು ನಾನು," ಎಂದ ಅವನು ಕೂತಲ್ಲಿಂದಲೇ. "ಒಳಗಿದ್ರಾ ನೀವು?"

"ಇದ್ದೆ. ಪ್ರತಿ ಸಲಾನೂ ಇದ್ದೆ."

"ತೆಗೀಬಹುದಿತ್ತಲ್ಲ ಮೇಡಂ."

"ತಟ್ಟಬಹುದಿತ್ತಲ್ಲ ಮೇಷ್ಟ್ರೇ."

ಪ್ರಿನ್ಸಿಪಾಲರು ಗಡಿಯಾರ ನೋಡಿ, ಟೀಗೆ ಇನ್ನೂ ಹೊತ್ತಿದ್ದರೂ, "ಟೀ ಬ್ರೇಕ್," ಎಂದು ಘೋಷಿಸಿದರು. ಗೆಳತಿ ದನ ಅಟ್ಟಿದ ಹಾಗೆ ಎಲ್ಲರನ್ನೂ ಹೊರಗಟ್ಟಿದಳು.

ಅವನು ಹತ್ತಿರ ಬಂದ. "ಅವತ್ತು ನಗಿಸ್ಬೇಕು ಅಂತ ಮಾಡಿದ್ದಲ್ಲ. ನಿಮ್ಮನ್ನ ಎಷ್ಟು ನೋಡಿದೀನಿ ಅಂತ ಹೇಳೋಕೆ ನಂಗೆ ಬೇರೆ ದಾರಿ ತೋಚ್ಲಿಲ್ಲ. ಅವರು ನಕ್ಬಿಟ್ರು."

"ನಾನು ಅವರನ್ನೇ ನೋಡ್ದೆ. ನಿಮ್ಮನ್ನ ನೋಡ್ಲಿಲ್ಲ." ಅವಳು ಕಣ್ಣೊರೆಸಿಕೊಂಡಳು. "ಹೋಗ್ಬೇಡಿ. ನಂಗೆ ನೀವು ಬೇಕು. ಆಗ್ಲೂ ಬೇಕಿತ್ತು."

ಅವನು ಅವಳ ಕೈ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಫೋನ್ ತೆಗೆದ.

"ಅಕ್ಕಾ, ನಾನು ಇವತ್ತು ಬರ್ತಿಲ್ಲ."

ಅಕ್ಕನಿಗೆ ಕಿವಿ ಮಂದವೇನೋ, ದನಿ ಫೋನಿನಾಚೆಗೂ ಕೇಳಿಸುತ್ತಿತ್ತು. "ಯಾಕೋ? ಏನಾಯ್ತು?" ಆಮೇಲೆ, "ಲೋ, ಆ ಇತಿಹಾಸದ ಹುಡುಗಿ ಸಿಕ್ಕಿದ್ಲೇನೋ?"

ಐವತ್ತರ ಹೊಸ್ತಿಲಲ್ಲಿದ್ದ ಹುಡುಗಿ ಅಳುತ್ತಳುತ್ತಲೇ ನಕ್ಕಳು.

"ಕೊಡೋ ಅವಳ ಕೈಗೆ!"

ಅವನು ಫೋನ್ ಚಾಚಿದ. ಒಡಹುಟ್ಟಿದವರಿಲ್ಲದ ಅವಳು ಅದನ್ನು ಕಿವಿಗಿಟ್ಟುಕೊಂಡು, "ಹೇಳಿ ಅಕ್ಕಾ," ಎಂದಳು.